ಓದುಗರ ಪ್ರಶ್ನೆಗಳಿಗೆ ಉತ್ತರ: ಪ್ರೊಸೆಸ್ ಮತ್ತು ನೆಟ್‌ವರ್ಕ್ ಮಾಹಿತಿಯನ್ನು ಪ್ರೋಗ್ರಾಂನಿಂದಲೇ ಪಡೆಯುವ ಬಗೆ

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಸರ್ವರ್‌ನಲ್ಲಿ 5432ನೇ ಪೋರ್ಟನ್ನು (ನೆಟ್‌ವರ್ಕ್ ಕರೆಗಳು ಬರುವ ಸಂಖ್ಯೆಯ ಬಾಗಿಲು) ಯಾವ ಪ್ರೊಸೆಸ್, ಅಂದರೆ ಓಡುತ್ತಿರುವ ಯಾವ ಪ್ರೋಗ್ರಾಂ, ಹಿಡಿದಿದೆ ಎಂದು ತಿಳಿಯಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ಅದು ನೆಟ್‌ಸ್ಟಾಟ್ ಕಮಾಂಡ್ ಓಡಿಸಿ, ಬಂದ ಸಾಲುಗಳನ್ನು ಬಿಡಿಸಿ, ಬೇಕಾದ ಕಾಲಂ ಆರಿಸಿಕೊಳ್ಳುತ್ತದೆ. ಹೊಸ ಸರ್ವರ್‌ಗೆ ಹೋದ ಮೇಲೆ ಆ ಕಮಾಂಡೇ ಇಲ್ಲವೆಂಬ ಎರರ್ ಬರುತ್ತಿದೆ. ಇದಕ್ಕಿಂತ ಭರವಸೆಯ ದಾರಿ ಇದೆಯೇ?
– ಓದುಗರು, ದಾವಣಗೆರೆ

ಉತ್ತರ: ಇದೆ. ನೆಟ್‌ಸ್ಟಾಟ್ ಎಂಬುದು ನೆಟ್-ಟೂಲ್ಸ್ ಎಂಬ ಹಳೆಯ ಪ್ಯಾಕೇಜಿನ ಭಾಗ. ಇಂದಿನ ಹಲವು ಲಿನಕ್ಸ್ ವಿತರಣೆಗಳಲ್ಲಿ ಅದು ಮೊದಲಿನಿಂದಲೇ ಇರುವುದಿಲ್ಲ. ಅದರ ಜಾಗಕ್ಕೆ ಎಸ್‌ಎಸ್ ಎಂಬ ಕಮಾಂಡ್ ಬಂದಿದೆ. ನೀವು ಎಸ್‌ಎಸ್‌ಗೆ ಬದಲಾಯಿಸಿಕೊಂಡರೆ ಸದ್ಯದ ತೊಂದರೆ ನೀಗುತ್ತದೆ, ಆದರೆ ತೊಂದರೆಯ ಬೇರು ಹಾಗೆಯೇ ಉಳಿಯುತ್ತದೆ. ಇಂಥ ಕಮಾಂಡುಗಳು ತೆರೆಯ ಮೇಲೆ ಮೂಡಿಸುವ ಸಾಲುಗಳು ಮನುಷ್ಯರು ಓದಲೆಂದು ಹೊಂದಿಸಿದವು. ಕಾಲಂಗಳ ಅಗಲ, ಶೀರ್ಷಿಕೆ, ಭಾಷೆ ಯಾವುದು ಬದಲಾದರೂ ನಿಮ್ಮ ಪ್ರೋಗ್ರಾಂ ಎಡವುತ್ತದೆ. ಮಾಹಿತಿ ಇರುವುದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಬಳಿ. ಪ್ರೋಗ್ರಾಂ ಅದನ್ನು ನೇರವಾಗಿ ಕರ್ನಲ್‌ನಿಂದಲೇ ಕೇಳಿ ಪಡೆಯಬೇಕು.

ಲಿನಕ್ಸ್‌ನಲ್ಲಿ ಇದಕ್ಕೆ ಇರುವ ಮುಖ್ಯ ಬಾಗಿಲು ಪ್ರಾಕ್ ಎಂಬ ಡೈರೆಕ್ಟರಿ. ಓಡುತ್ತಿರುವ ಪ್ರೊಸೆಸ್‌ಗಳನ್ನು ಫೈಲುಗಳ ರೂಪದಲ್ಲಿ ತೋರಿಸುವ ಈ ವಿಚಾರವನ್ನು 1984ರಲ್ಲಿ ಟಾಮ್ ಕಿಲಿಯನ್ ಅವರು ಯುನಿಕ್ಸ್‌ಗಾಗಿ ಮಂಡಿಸಿದರು. ಲಿನಕ್ಸ್ ಅದನ್ನು ಸಾಮಾನ್ಯ ಪಠ್ಯವಾಗಿ ಓದಬಹುದಾದಷ್ಟು ವಿಸ್ತರಿಸಿತು. ಈ ಫೈಲುಗಳು ಡಿಸ್ಕ್‌ನ ಮೇಲಿರುವುದಿಲ್ಲ, ನೀವು ತೆರೆದು ಓದಿದ ಗಳಿಗೆಯಲ್ಲಿ ಕರ್ನಲ್ ಅವುಗಳನ್ನು ಬರೆದುಕೊಡುತ್ತದೆ.

ನಿಮ್ಮ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. /ಪ್ರಾಕ್/ನೆಟ್/ಟಿಸಿಪಿ ಎಂಬ ಫೈಲಿನಲ್ಲಿ ಒಂದೊಂದು ಸಾಕೆಟ್‌ಗೆ (ಪ್ರೋಗ್ರಾಂ ತೆರೆದ ನೆಟ್‌ವರ್ಕ್ ಸಂಪರ್ಕದ ತುದಿಗೆ) ಒಂದೊಂದು ಸಾಲಿರುತ್ತದೆ. 127.0.0.1 ವಿಳಾಸದಲ್ಲಿ 5432ನೇ ಪೋರ್ಟ್ ತೆರೆದಿದ್ದರೆ, ಇಂಟೆಲ್ ಮಾದರಿಯ ಯಂತ್ರದಲ್ಲಿ ಅದು 0100007ಎಫ್:1538 ಎಂದು ಕಾಣುತ್ತದೆ. ಎರಡೂ ಭಾಗಗಳು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ 16ರ ಆಧಾರದ ಎಣಿಕೆಯಲ್ಲಿವೆ. ವಿಳಾಸದ ಬೈಟ್‌ಗಳು ಹಿಂದುಮುಂದಾಗಿ ಬಂದಿವೆ, ಪೋರ್ಟ್ ಮಾತ್ರ ನೇರವಾಗಿಯೇ ಇದೆ: ಹೆಕ್ಸ್ 1538 ಎಂದರೆ ನಮ್ಮ 5432. ಅದೇ ಸಾಲಿನಲ್ಲಿ ಮುಂದೆ ಬರುವ 0ಎ ಎಂಬ ಗುರುತು ಸಾಕೆಟ್ ಕರೆಗಾಗಿ ಕಾಯುತ್ತಿದೆ ಎಂದು ಹೇಳುತ್ತದೆ, 01 ಇದ್ದರೆ ಸಂಪರ್ಕ ಏರ್ಪಟ್ಟಿದೆ ಎಂದರ್ಥ. ಇನ್ನೂ ಮುಂದೆ ಸಾಕೆಟ್‌ನ ಒಡೆಯನ ಯೂಸರ್ ಸಂಖ್ಯೆ ಮತ್ತು ಐನೋಡ್ ಸಂಖ್ಯೆ (ಆ ಸಾಕೆಟ್‌ಗೆ ಕರ್ನಲ್ ಕೊಟ್ಟ ಗುರುತಿನ ಸಂಖ್ಯೆ) ಇರುತ್ತವೆ, ಆದರೆ ಪ್ರೊಸೆಸ್ ಸಂಖ್ಯೆ ಎಲ್ಲಿಯೂ ಇರುವುದಿಲ್ಲ. ಒಂದೇ ಸಾಕೆಟ್ ಹಲವು ಪ್ರೊಸೆಸ್‌ಗಳ ಕೈಯಲ್ಲಿ ಇರಬಹುದಾದ್ದರಿಂದ ಆ ಸಾಲಿಗೆ ಒಂದೇ ಸಂಖ್ಯೆ ಬರೆಯಲು ಆಗುವುದೂ ಇಲ್ಲ. ಹೀಗಾಗಿ ಪ್ರತಿ ಪ್ರೊಸೆಸ್ ತೆರೆದಿರುವ ಫೈಲು, ಸಾಕೆಟ್‌ಗಳನ್ನು ತೋರಿಸುವ ಎಫ್‌ಡಿ ಡೈರೆಕ್ಟರಿಯೊಳಗೆ ಹೋಗಿ, ಅಲ್ಲಿನ ಕೊಂಡಿಗಳಲ್ಲಿ ಯಾವುದು ಇದೇ ಐನೋಡ್ ಸಂಖ್ಯೆಯ ಸಾಕೆಟ್ ಕಡೆಗೆ ಬೊಟ್ಟು ಮಾಡುತ್ತಿದೆ ಎಂದು ಹುಡುಕಬೇಕು. ಪ್ರೊಸೆಸ್‌ನ ಹೆಸರನ್ನು ತೋರಿಸುವ ಬಹುತೇಕ ಸಾಧನಗಳು ಲಿನಕ್ಸ್‌ನಲ್ಲಿ ಮಾಡುವುದು ಇದೇ ಹುಡುಕಾಟವನ್ನು.

ಇಷ್ಟನ್ನೂ ನೀವೇ ಬರೆಯಬೇಕಾಗಿಲ್ಲ. ಪೈಥಾನ್‌ನ ಪಿಎಸ್‌ಯುಟಿಲ್ ಎಂಬ ಲೈಬ್ರರಿಯಲ್ಲಿ ನೆಟ್ ಕನೆಕ್ಷನ್ಸ್ ಎಂಬ ಫಂಕ್ಷನ್ ಇದೆ. ಅದು ವಿಳಾಸ, ಪೋರ್ಟ್, ಸ್ಥಿತಿ ಮತ್ತು ಪ್ರೊಸೆಸ್ ಸಂಖ್ಯೆಗಳನ್ನು ಬಿಡಿಬಿಡಿಯಾಗಿ ಕೊಡುತ್ತದೆ. ವಿಂಡೋಸ್, ಮ್ಯಾಕ್ ಮತ್ತು ಬಿಎಸ್‌ಡಿಗಳಲ್ಲಿ ಅದೇ ಫಂಕ್ಷನ್ ಆಯಾ ವ್ಯವಸ್ಥೆಯ ಕರೆಗಳನ್ನು ಬಳಸಿ ಅದೇ ಉತ್ತರ ತರುತ್ತದೆ. ಆದರೂ ಒಳಗಿನ ಕೆಲಸವನ್ನು ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ: ಅದು ತಿಳಿದಿಲ್ಲದಿದ್ದರೆ ಮುಂದಿನ ಸಂಗತಿಗಳು ಒಗಟಾಗಿ ಕಾಡುತ್ತವೆ.

ಒಂದು, ಸಾಮಾನ್ಯ ಯೂಸರ್ ಆಗಿ ಓಡಿಸಿದಾಗ ಬೇರೆಯವರ ಸಾಕೆಟ್‌ಗಳ ಎದುರು ಪ್ರೊಸೆಸ್ ಸಂಖ್ಯೆಯ ಜಾಗ ಖಾಲಿ ಬರುತ್ತದೆ. ಪೋರ್ಟ್‌ಗಳ ಪಟ್ಟಿಯನ್ನು ಯಾರು ಬೇಕಾದರೂ ಓದಬಹುದು, ಇನ್ನೊಬ್ಬರ ಎಫ್‌ಡಿ ಡೈರೆಕ್ಟರಿಯನ್ನು ಓದಲು ಅನುಮತಿ ಇಲ್ಲ, ಅಷ್ಟೇ. ಖಾಲಿ ಬಂದರೆ ‘ಯಾರೂ ಹಿಡಿದಿಲ್ಲ’ ಎಂದು ನಿಮ್ಮ ಪ್ರೋಗ್ರಾಂ ತೀರ್ಮಾನಿಸದಂತೆ ನೋಡಿಕೊಳ್ಳಿ. ಹಾಗೆಂದು ಇಡೀ ಪ್ರೋಗ್ರಾಂ ಅನ್ನು ರೂಟ್ (ಎಲ್ಲ ಅಧಿಕಾರವಿರುವ ಯೂಸರ್) ಆಗಿ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಈ ಹುಡುಕಾಟ ಮಾಡುವ ಸಣ್ಣ ಭಾಗಕ್ಕಷ್ಟೇ ಹೆಚ್ಚಿನ ಅನುಮತಿ ಕೊಡಿ. ಇನ್ನೊಂದು, ಐಪಿವಿ6 (ಹೊಸ ಮಾದರಿಯ ಇಂಟರ್ನೆಟ್ ವಿಳಾಸ, ಹಳೆಯದು ಐಪಿವಿ4) ಸಾಕೆಟ್‌ಗಳು ಟಿಸಿಪಿ6 ಎಂಬ ಬೇರೆ ಫೈಲಿನಲ್ಲಿರುತ್ತವೆ. ಜಾವಾದಲ್ಲಿ ಬರೆದ ಸರ್ವರ್‌ಗಳು ಬಹಳ ಸಲ ಐಪಿವಿ6 ಸಾಕೆಟ್ ತೆರೆದು ಅದರಲ್ಲೇ ಐಪಿವಿ4 ಕರೆಗಳನ್ನೂ ಸ್ವೀಕರಿಸುತ್ತವೆ, ಮೊದಲ ಫೈಲನ್ನಷ್ಟೇ ಓದುವವರಿಗೆ ಅವು ಕಾಣುವುದೇ ಇಲ್ಲ. ಡಾಕರ್‌ನಂಥ ಕಂಟೇನರ್‌ಗಳನ್ನು ಬಳಸುವವರು, ಪ್ರತಿ ಕಂಟೇನರ್‌ಗೂ ಸಾಮಾನ್ಯವಾಗಿ ತನ್ನದೇ ನೆಟ್‌ವರ್ಕ್ ನೇಮ್‌ಸ್ಪೇಸ್, ಅಂದರೆ ಪ್ರತ್ಯೇಕ ಸಾಕೆಟ್ ಪಟ್ಟಿ, ಇರುತ್ತದೆ ಎಂಬುದನ್ನೂ ನೆನಪಿಡಬೇಕು.

ಸಾವಿರಾರು ಸಂಪರ್ಕಗಳಿರುವ ಸರ್ವರ್‌ನಲ್ಲಿ ಈ ಪಠ್ಯ ಫೈಲನ್ನು ಮತ್ತೆ ಮತ್ತೆ ಓದುವುದು ನಿಧಾನವಾಗುತ್ತದೆ. ಅಂಥಲ್ಲಿ ಎಸ್‌ಎಸ್ ಬಳಸುವ, ಕರ್ನಲ್ ಜೊತೆ ನೇರವಾಗಿ ಮಾತಾಡುವ ನೆಟ್‌ಲಿಂಕ್ ಸಾಕೆಟ್‌ನ ದಾರಿಯೇ ಮೇಲು.

ಪ್ರಶ್ನೆ: ಪಿಎಸ್‌ಯುಟಿಲ್‌ನಲ್ಲಿ ಒಂದು ಪ್ರೊಸೆಸ್‌ನ ಸಿಪಿಯು ಶೇಕಡಾವಾರು ಕೇಳಿದರೆ ಮೊದಲ ಸಲ ಯಾವಾಗಲೂ 0.0 ಬರುತ್ತದೆ. ಕೆಲವೊಮ್ಮೆ 100ಕ್ಕಿಂತ ಹೆಚ್ಚೂ ಬರುತ್ತದೆ. ಇದು ದೋಷವೇ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ದೋಷವಲ್ಲ. ಪ್ರೊಸೆಸ್ ಈವರೆಗೆ ಒಟ್ಟು ಎಷ್ಟು ಸಿಪಿಯು ಸಮಯ ಬಳಸಿದೆ ಎಂಬ ಲೆಕ್ಕವನ್ನು ಮಾತ್ರ ಕರ್ನಲ್ ಇಟ್ಟುಕೊಂಡಿರುತ್ತದೆ, ಶೇಕಡಾವಾರನ್ನಲ್ಲ. ಎರಡು ಸಲ ಓದಿ, ವ್ಯತ್ಯಾಸವನ್ನು ನಡುವೆ ಕಳೆದ ಸಮಯದಿಂದ ಭಾಗಿಸಿದಾಗಲೇ ಶೇಕಡಾವಾರು ಸಿಗುವುದು. ಮೊದಲ ಕರೆಯಲ್ಲಿ ಹೋಲಿಸಲು ಹಿಂದಿನ ಓದು ಇಲ್ಲ. ಆ ಮೊದಲ ಉತ್ತರವನ್ನು ಬಿಟ್ಟುಬಿಡಿ, ಕರೆಗಳ ನಡುವೆ ಕನಿಷ್ಠ 0.1 ಸೆಕೆಂಡ್ ಅಂತರವಿರಲಿ. ಹಲವು ಥ್ರೆಡ್‌ಗಳ ಪ್ರೊಸೆಸ್ ಎರಡು ಕೋರ್‌ಗಳನ್ನು ಪೂರ್ತಿ ಬಳಸಿದರೆ 200 ಬರುವುದು ಸರಿಯೇ.

ಪ್ರಶ್ನೆ: ನಮ್ಮ ಪ್ರೋಗ್ರಾಂ ತಾನು ಶುರುಮಾಡಿದ ಪ್ರೊಸೆಸ್‌ನ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಟ್ಟು, ಮರುದಿನ ಅದೇ ಸಂಖ್ಯೆಗೆ ನಿಲ್ಲುವ ಸಿಗ್ನಲ್ ಕಳುಹಿಸುತ್ತದೆ. ಇದು ಸುರಕ್ಷಿತವೇ?
– ಓದುಗರು, ಮೈಸೂರು

ಉತ್ತರ: ಅಲ್ಲ, ಇದನ್ನು ದಯವಿಟ್ಟು ಬೇಗ ಬದಲಾಯಿಸಿ. ಪ್ರೊಸೆಸ್ ಮುಗಿದ ಮೇಲೆ ಅದರ ಸಂಖ್ಯೆ ಮತ್ತೊಂದು ಪ್ರೊಸೆಸ್‌ಗೆ ಸಿಗುತ್ತದೆ. ಲಿನಕ್ಸ್‌ನಲ್ಲಿ ಈ ಸಂಖ್ಯೆಗಳ ರೂಢಿಯ ಮಿತಿ ಬಹುಕಾಲ 32768 ಆಗಿತ್ತು. ಚಟುವಟಿಕೆಯ ಸರ್ವರ್‌ನಲ್ಲಿ ಒಂದು ಸುತ್ತು ಮುಗಿಯಲು ಒಂದು ದಿನ ಧಾರಾಳವಾಗಿ ಸಾಕು. ಆಮೇಲೆ ನಿಮ್ಮ ಸಿಗ್ನಲ್ ಯಾವುದೋ ಅಮಾಯಕ ಡೇಟಾಬೇಸನ್ನು ನಿಲ್ಲಿಸಿಬಿಡಬಹುದು.

ಸಂಖ್ಯೆಯ ಜೊತೆಗೆ ಪ್ರೊಸೆಸ್ ಶುರುವಾದ ಸಮಯವನ್ನೂ ಬರೆದಿಡಿ, ಸಿಗ್ನಲ್ ಕಳುಹಿಸುವ ಮುನ್ನ ಎರಡನ್ನೂ ತಾಳೆ ನೋಡಿ. ಶುರುವಾದ ಸಮಯ ಪ್ರಾಕ್ ಡೈರೆಕ್ಟರಿಯೊಳಗಿನ ಆ ಪ್ರೊಸೆಸ್‌ನ ಸ್ಟಾಟ್ ಫೈಲಿನಲ್ಲಿ 22ನೇ ಅಂಶವಾಗಿ ಇದೆ. ಆದರೆ ಆ ಸಾಲನ್ನು ಖಾಲಿ ಜಾಗದಲ್ಲಿ ಕತ್ತರಿಸಿ ಎಣಿಸಬೇಡಿ: ಎರಡನೆಯ ಅಂಶವಾದ ಪ್ರೊಸೆಸ್‌ನ ಹೆಸರು ಆವರಣ ಚಿಹ್ನೆಗಳ ನಡುವೆ ಇರುತ್ತದೆ, ಆ ಹೆಸರಿನೊಳಗೆ ಖಾಲಿ ಜಾಗವೂ ಆವರಣವೂ ಇರಬಹುದು. ಸಾಲಿನ ಕೊನೆಯ ಮುಚ್ಚುವ ಆವರಣವನ್ನು ಹುಡುಕಿ, ಅಲ್ಲಿಂದ ಮುಂದಕ್ಕೆ ಎಣಿಸಿ.

ತಾಳೆ ನೋಡಿದ ಮೇಲೂ, ನೋಡುವ ಮತ್ತು ಕಳುಹಿಸುವ ಗಳಿಗೆಗಳ ನಡುವೆ ಪ್ರೊಸೆಸ್ ಬದಲಾಗುವ ಸಣ್ಣ ಅವಕಾಶ ಉಳಿದೇ ಇರುತ್ತದೆ. ಅದನ್ನು ಮುಚ್ಚಲೆಂದೇ 2019ರ ಲಿನಕ್ಸ್ 5.3ರಲ್ಲಿ ಪಿಐಡಿ-ಎಫ್‌ಡಿ ಓಪನ್ ಎಂಬ ಕರೆ ಬಂತು. ಅದು ಆ ಪ್ರೊಸೆಸ್ಸನ್ನೇ ಸೂಚಿಸುವ ಒಂದು ಫೈಲ್ ಡಿಸ್ಕ್ರಿಪ್ಟರನ್ನು (ಕರ್ನಲ್ ಕೊಡುವ ಹಿಡಿಕೆಯಂಥ ಸಂಖ್ಯೆ) ನಿಮ್ಮ ಪ್ರೋಗ್ರಾಂಗೆ ಕೊಡುತ್ತದೆ. ಮೊದಲು ಅದನ್ನು ಪಡೆದು, ಆಮೇಲೆ ಶುರುವಾದ ಸಮಯವನ್ನು ತಾಳೆ ನೋಡಿ, ಅದರ ಮೂಲಕವೇ ಸಿಗ್ನಲ್ ಕಳುಹಿಸಿದರೆ ಅದು ಬೇರೆ ಪ್ರೊಸೆಸ್‌ಗೆ ಹೋಗಲಾರದು. ಪೈಥಾನ್ 3.9ರಿಂದ ಈ ಕರೆ ನೇರವಾಗಿ ಲಭ್ಯವಿದೆ.

ಪ್ರಶ್ನೆ: ಆಂಡ್ರಾಯ್ಡ್ ಆ್ಯಪ್‌ನಲ್ಲೂ /ಪ್ರಾಕ್/ನೆಟ್ ಓದಬಹುದೇ?
– ಓದುಗರು, ಉಡುಪಿ

ಉತ್ತರ: 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಆ ದಾರಿ ಮುಚ್ಚಿದೆ. ಯಾವ ಆ್ಯಪ್ ಯಾವ ಸರ್ವರ್ ಜೊತೆ ಮಾತಾಡುತ್ತಿದೆ ಎಂಬುದು ಫೋನಿನ ಒಡೆಯರ ಖಾಸಗಿ ವಿಷಯ, ಅದನ್ನು ಪಕ್ಕದ ಆ್ಯಪ್ ನೋಡಬಾರದು. ಆದ್ದರಿಂದ ಈ ನಿರ್ಬಂಧ ನ್ಯಾಯವಾದದ್ದೇ. ವಿಪಿಎನ್ ಆ್ಯಪ್ ಬರೆಯುವವರು ಸಂಪರ್ಕದ ಒಡೆಯ ಯಾರೆಂದು ತಿಳಿಯಲು ಕನೆಕ್ಟಿವಿಟಿ ಮ್ಯಾನೇಜರ್‌ನಲ್ಲಿರುವ ಕರೆಯನ್ನು ಬಳಸಬಹುದು. ಡೇಟಾ ಬಳಕೆಯ ಲೆಕ್ಕ ಬೇಕಾದವರಿಗೆ ನೆಟ್‌ವರ್ಕ್ ಸ್ಟಾಟ್ಸ್ ಮ್ಯಾನೇಜರ್ ಇದೆ. ಬೇರೆ ಆ್ಯಪ್‌ಗಳ ಲೆಕ್ಕ ನೋಡಲು ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ತಾವೇ ಅನುಮತಿ ಕೊಡಬೇಕಾಗುತ್ತದೆ.