ಥಾಲಮಸ್ ಬರೀ ದಾಟಿಸುವ ಕೇಂದ್ರವಲ್ಲ

ಕಣ್ಣಿನ ನರ ನೇರವಾಗಿ ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ಗೇ ಹೋಗಬಹುದಿತ್ತಲ್ಲ, ಮಧ್ಯೆ ಥಾಲಮಸ್ ಯಾಕೆ ಅಂತ ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ. "ರಿಲೇ ಸ್ಟೇಷನ್" ಅನ್ನುವ ಪಠ್ಯಪುಸ್ತಕದ ಮಾತು ಅರ್ಧ ಮಾತ್ರ ನಿಜ.

ಮಿದುಳಿನ ನಡುವೆ, ಮೂರನೇ ಕುಹರದ (ದ್ರವ ತುಂಬಿದ ಪೊಳ್ಳಿನ) ಎರಡೂ ಪಕ್ಕದಲ್ಲಿ, ಸುಮಾರು 3 ಸೆಂ.ಮೀ. ಉದ್ದದ ಮೊಟ್ಟೆಯಾಕಾರದ ಎರಡು ಭಾಗಗಳಿವೆ. ಅದೇ ಥಾಲಮಸ್. ಕಣ್ಣಿನ ಸಂಕೇತ ಬರುವುದು ಅದರ ಹಿಂಭಾಗದ ನರಕೋಶಗಳ ಗುಂಪಾದ ಲ್ಯಾಟರಲ್ ಜೆನಿಕ್ಯುಲೇಟ್ ನ್ಯೂಕ್ಲಿಯಸ್‌ಗೆ. ಆದರೆ ಪ್ರಾಣಿಗಳಲ್ಲಿ ಎಣಿಸಿ ನೋಡಿದಾಗ, ಅಲ್ಲಿನ ರಿಲೇ ಕೋಶಗಳ, ಅಂದರೆ ಸಂಕೇತ ದಾಟಿಸುವ ಕೋಶಗಳ, ಸಿನಾಪ್ಸ್‌ಗಳಲ್ಲಿ (ನರಕೋಶಗಳು ಒಂದಕ್ಕೊಂದು ಸಂಕೇತ ಕೊಡುವ ಜಾಗಗಳಲ್ಲಿ) ಕಣ್ಣಿನ ರೆಟಿನಾದಿಂದ ಬಂದವು ಹೆಚ್ಚೆಂದರೆ ಸುಮಾರು 10% ಅಷ್ಟೇ! ಉಳಿದವು ಕಾರ್ಟೆಕ್ಸ್, ಮಿದುಳಿನ ಕಾಂಡ, ಮತ್ತೆ ಹತ್ತಿರದ ತಡೆಯುವ ಕೋಶಗಳಿಂದ ಬಂದವು. ಯಾವ ಸಂಕೇತವನ್ನು ಯಾವಾಗ, ಎಷ್ಟು ಬಿಡಬೇಕು ಅನ್ನುವುದಕ್ಕೇ ಇಲ್ಲಿ ಜಾಸ್ತಿ ಏರ್ಪಾಡು ಇದೆ, ಅಲ್ವಾ? ನನಗೆ ಥಾಲಮಸ್‌ನಲ್ಲಿ ಅತಿ ಸೊಗಸಾದ ವಿಷಯ ಇದೇ.

ಹೊರಗಿಂದ ಅದನ್ನು ಹಾಳೆಯಂತೆ ಸುತ್ತಿರುವ ರೆಟಿಕ್ಯುಲರ್ ನ್ಯೂಕ್ಲಿಯಸ್ ಕಾರ್ಟೆಕ್ಸ್‌ಗೆ ಏನನ್ನೂ ಕಳಿಸುವುದಿಲ್ಲ. ಗಾಬಾ ಎಂಬ ತಡೆಯುವ ರಾಸಾಯನಿಕ ಬಳಸಿ ಒಳಗಿನ ರಿಲೇ ಕೋಶಗಳನ್ನು ಹತ್ತಿಕ್ಕುವುದೇ ಅದರ ಕೆಲಸ. ಗಾಢ ನಿದ್ದೆಯಲ್ಲಿ ರಿಲೇ ಕೋಶಗಳು ಬಿಟ್ಟು ಬಿಟ್ಟು ಒಟ್ಟಿಗೆ ಸಂಕೇತ ಸಿಡಿಸುತ್ತವೆ. ಆಗ ಹೊರಗಿನ ಸುದ್ದಿ ನಿಖರವಾಗಿ ದಾಟುವುದಿಲ್ಲ.

ವಾಸನೆ ಮಾತ್ರ ಬೇರೆ. ಅದು ಥಾಲಮಸ್ ಮುಟ್ಟದೆಯೇ ಮೊದಲು ಕಾರ್ಟೆಕ್ಸ್ ತಲುಪುತ್ತದೆ.