ಮರ ಉಜ್ಜುವ ಸ್ಯಾಂಡರ್ ಕಾರಿಗೆ ಹೊಳಪು ತಂದೀತೇ?

ಪ್ರಶ್ನೆ: ನನ್ನ ಕಪ್ಪು ಕಾರಿಗೆ ಎಂಟು ವರ್ಷ. ಬಿಸಿಲಿಗೆ ನಿಲ್ಲಿಸಿದರೆ ಮೈಯೆಲ್ಲ ಜೇಡರಬಲೆ ಕಟ್ಟಿದಂತೆ ಸುತ್ತುಸುತ್ತಾದ ಗೀರುಗಳು ಕಾಣುತ್ತವೆ. ಮರಗೆಲಸಕ್ಕೆಂದು ಕೊಂಡ, ತಟ್ಟೆ ತಿರುಗುತ್ತಲೇ ಪುಟ್ಟ ಸುತ್ತಿನಲ್ಲಿ ಅದುರುವ ರ್‍ಯಾಂಡಮ್ ಆರ್ಬಿಟಲ್ ಸ್ಯಾಂಡರ್ ಮನೆಯಲ್ಲಿದೆ. ಉಪ್ಪುಕಾಗದದ ಬದಲು ಉಣ್ಣೆಯ ಕವಚ ತೊಡಿಸಿ ಅದರಲ್ಲೇ ಪಾಲಿಶ್ ಮಾಡಬಹುದೇ? ಈ ಸ್ಯಾಂಡರ್ ಮತ್ತು ಕಾರಿನ ಪಾಲಿಶಿಂಗ್ ಯಂತ್ರ ತಿರುಗುವ ರೀತಿ ಒಂದೇ ಅಲ್ಲವೇ?

ಉತ್ತರ: ದಯವಿಟ್ಟು ಮಾಡಬೇಡಿ. ತಿರುಗುವ ರೀತಿ ಒಂದೇ ಎನ್ನುವುದು ನಿಜ, ಆದರೆ ತಿರುಗುವ ಅಳತೆ ಬೇರೆ. ಮರಗೆಲಸದ ಸ್ಯಾಂಡರಿನ ತಟ್ಟೆ ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರಿನಷ್ಟು ಚಿಕ್ಕ ಸುತ್ತಿನಲ್ಲಿ, ಬಹಳ ವೇಗವಾಗಿ ಅದುರುತ್ತದೆ. ಕಾರಿನ ಪಾಲಿಶಿಂಗ್ ಯಂತ್ರದ ಸುತ್ತು 8ರಿಂದ 21 ಮಿಲಿಮೀಟರ್. ಸ್ಯಾಂಡರಿಗೆ ದಪ್ಪ ಸ್ಪಂಜಿನ ಪ್ಯಾಡ್ ಹಾಕಿದರೆ ಆ ಪುಟ್ಟ ಅದುರಾಟವನ್ನೆಲ್ಲ ಸ್ಪಂಜೇ ನುಂಗಿಬಿಡುತ್ತದೆ. ಬಣ್ಣಕ್ಕೆ ತಾಗುವ ಮುಖ ಅಲುಗುವುದೇ ಇಲ್ಲ ಎನ್ನಬಹುದು. ಅದು ಸಾಲದೆಂದು ತೆಳುವಾದ ಉಣ್ಣೆ ಕಟ್ಟಿದರೆ ಒಳಗಿನ ಗಟ್ಟಿ ತಟ್ಟೆಯ ಅಂಚು ಬಣ್ಣವನ್ನು ಕಚ್ಚುತ್ತದೆ. ಇನ್ನೊಂದು ತೊಂದರೆಯೂ ಇದೆ: ಧೂಳು ಹೀರಲೆಂದು ತಟ್ಟೆಯಲ್ಲಿ ತೂತುಗಳಿರುವ ಯಂತ್ರವಾದರೆ, ಅದೇ ದಾರಿಯಲ್ಲಿ ಪಾಲಿಶ್ ಒಳಗೆ ಸೇರಿ ಅಂಟಿಕೊಳ್ಳುತ್ತದೆ.

ಈಗ ಆ ಜೇಡರಬಲೆಯ ವಿಷಯ. ನೀವು ಕಾಣುತ್ತಿರುವ ಗೀರುಗಳು ನಿಜವಾಗಿ ಸುತ್ತಾಗಿಲ್ಲ. ಅವು ಎಲ್ಲ ದಿಕ್ಕಿಗೂ ಹರಡಿವೆ. ಬೆಳಕಿಗೆ ಅಡ್ಡಲಾಗಿರುವವು ಮಾತ್ರ ಹೊಳೆಯುವುದರಿಂದ ವೃತ್ತದಂತೆ ತೋರುತ್ತವೆ. ರಾತ್ರಿ ಟಾರ್ಚ್ ಹಿಡಿದು ಅತ್ತಿತ್ತ ಸರಿಸಿ ನೋಡಿ, ವೃತ್ತವೂ ಬೆಳಕಿನ ಜೊತೆ ಸರಿಯುತ್ತದೆ. ಧೂಳಿದ್ದ ಬಟ್ಟೆಯಿಂದ ಒರೆಸಿದ್ದೇ ಇದಕ್ಕೆ ಕಾರಣವಾಗಿರುವುದು ಹೆಚ್ಚು. ಗೀರುಗಳೆಲ್ಲ ಇರುವುದು ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್‌ನಲ್ಲಿ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್, ದಿನಪತ್ರಿಕೆಯ ಒಂದು ಹಾಳೆಗಿಂತಲೂ ತೆಳು. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದೂ ಅದೇ ಪದರ. ಅತಿಯಾಗಿ ಉಜ್ಜಿದ ಕಾರು ಆ ದಿನ ಕನ್ನಡಿಯಂತೆ ಹೊಳೆದು, ಕೆಲವು ವರ್ಷಗಳಲ್ಲಿ ಚಾವಣಿ ಮತ್ತು ಬಾನೆಟ್ ಮೇಲೆ ಬಿಳಿಚಿಕೊಂಡು ಸಿಪ್ಪೆ ಏಳುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದನ್ನು ಪಾಲಿಶ್‌ನಿಂದ ಸರಿಪಡಿಸಲಾಗದು. ಮತ್ತೆ ಬಣ್ಣ ಹೊಡೆಸಲೇಬೇಕು.

ಆದ್ದರಿಂದ, ಮೇಲೆ ಹೇಳಿದ ದೊಡ್ಡ ಸುತ್ತಿನ ಪಾಲಿಶಿಂಗ್ ಯಂತ್ರವಾದ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ಒಂದನ್ನು ಎರವಲಾದರೂ ತನ್ನಿ. ಕಾರನ್ನು ಚೆನ್ನಾಗಿ ತೊಳೆದು, ನೆರಳಿನಲ್ಲಿ ತಗಡು ತಣ್ಣಗಾದ ಮೇಲೆ, ಅಂಗೈ ಎರಡರಷ್ಟು ಜಾಗದಲ್ಲಿ ಮೊದಲು ಪ್ರಯೋಗ ಮಾಡಿ. ಮೆತ್ತನೆಯ ಪ್ಯಾಡ್, ನಯವಾದ ಪಾಲಿಶ್‌ನಿಂದಲೇ ಆರಂಭಿಸಿ. ಅದರಲ್ಲಿ ಗೀರು ಹೋಗದಿದ್ದರೆ ಮಾತ್ರ ಕಾಂಪೌಂಡ್ ಎಂಬ ತರಿ ಹೆಚ್ಚಿರುವ ಪಾಲಿಶ್‌ಗೆ ಕೈಹಾಕಿ. ಬಾಗಿಲಿನ ಅಂಚು, ಬಾನೆಟ್ಟಿನ ಮಡಿಕೆಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸುವುದನ್ನು ಮರೆಯಬೇಡಿ. ಏಣುಗಳ ಮೇಲೆ ಬಣ್ಣ ತೆಳುವಾಗಿರುತ್ತದೆ, ಯಂತ್ರದ ಒತ್ತಡವೆಲ್ಲ ಅಲ್ಲಿಯೇ ಬೀಳುತ್ತದೆ. ಒಮ್ಮೆ ನನ್ನ ಬಳಿ ಬಂದ ಕಾರಿನ ಬಾನೆಟ್ ಏಣಿನ ಉದ್ದಕ್ಕೂ ನೂಲೆಳೆಯಷ್ಟು ಸಪೂರವಾದ ಬೂದು ಗೆರೆ ಇತ್ತು. ಒಡೆಯರು ಅದನ್ನು ಕೊಳೆ ಎಂದುಕೊಂಡು ವಾರಗಟ್ಟಲೆ ಒರೆಸಿದ್ದರು. ಅದು ಬಣ್ಣದ ಕೆಳಗೆ ಹಚ್ಚುವ ಲೇಪವಾದ ಪ್ರೈಮರ್.

ಪ್ಯಾಡಿಗೆ ಕಾರಿನ ಬಣ್ಣವೇ ಹತ್ತತೊಡಗಿದರೆ ತಕ್ಷಣ ನಿಲ್ಲಿಸಿ. ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಬಣ್ಣದಲ್ಲಿ ಹಾಗಾಗುವುದು ಸಹಜ, ಆದರೆ ನಿಮ್ಮ ಕಾರಿನಲ್ಲಿ ಹಾಗಾದರೆ ಪದರ ಮುಗಿಯಿತು ಎಂದೇ ಅರ್ಥ.

ಪ್ರಶ್ನೆ: ಹಾಗಾದರೆ ಕಾರು ದುರಸ್ತಿ ಮಾಡುವವರು ಸ್ಯಾಂಡರ್ ಬಳಸುವುದೇಕೆ? ನನ್ನ ಕಾರಿನ ಬಾಗಿಲಿನ ಮೇಲೆ ಬೀಗದ ಕೈಯಿಂದಾದ ಒಂದು ಗೀರಿದೆ. ಅದಕ್ಕೂ ಬಳಸಬಹುದೇ?

ಉತ್ತರ: ಅವರು ಸ್ಯಾಂಡರ್ ಹಿಡಿಯುವುದು ಹೊಳಪಿಗಲ್ಲ, ಮಟ್ಟ ಮಾಡುವುದಕ್ಕೆ. ಹೊಸದಾಗಿ ಹೊಡೆದ ಬಣ್ಣ ಕಿತ್ತಳೆ ಸಿಪ್ಪೆಯಂತೆ ತರಿತರಿಯಾದಾಗ ಅಥವಾ ಇಳಿದು ಗಟ್ಟಿಯಾದಾಗ ಅದನ್ನು ಸಮ ಮಾಡುತ್ತಾರೆ. ಅವರ ಸ್ಯಾಂಡರ್ ಹೆಚ್ಚಾಗಿ ಗಾಳಿಯ ಒತ್ತಡದಿಂದ ಓಡುವಂಥದ್ದು. ತಟ್ಟೆಗೂ ಕಾಗದಕ್ಕೂ ನಡುವೆ ಮೆತ್ತನೆಯ ಸ್ಪಂಜು, ಕಾಗದ 2000 ಅಥವಾ 3000 ಗ್ರಿಟ್, ಅಂದರೆ ಬಹಳ ನಯವಾದ ತರಿಯದು. ಉಜ್ಜಿದ ಜಾಗ ಮಂಕಾಗುತ್ತದೆ, ಹೊಳಪು ಬರುವುದು ಆಮೇಲೆ ಪಾಲಿಶರ್‌ನಿಂದ. ವಿದ್ಯುತ್ ಸ್ಯಾಂಡರಿನಲ್ಲಿ ನೀರು ಹಾಕಿ ಉಜ್ಜುವ ಸಾಹಸ ಬೇಡವೇ ಬೇಡ, ಜೀವಕ್ಕೇ ಅಪಾಯ.

ಆ ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಜಾರಿ ಹೋದರೆ ಪಾಲಿಶರ್ ಸಾಕಾಗಬಹುದು. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದರ ಬುಡದವರೆಗೆ ಸುತ್ತಲಿನದನ್ನೆಲ್ಲ ತೆಗೆದರೆ ಕ್ಲಿಯರ್ ಕೋಟ್ ಉಳಿಯುವುದಿಲ್ಲ. ಟಚ್‌ಅಪ್ ಬಣ್ಣ ತುಂಬಿಸಿ, ಚೆನ್ನಾಗಿ ಒಣಗಿದ ಮೇಲೆ 2000 ಗ್ರಿಟ್ ವಾಟರ್ ಪೇಪರನ್ನು ಪುಟ್ಟ ರಬ್ಬರ್ ತುಂಡಿಗೆ ಸುತ್ತಿ, ಸಾಬೂನು ನೀರಿನಲ್ಲಿ ಅದ್ದಿ, ಉಬ್ಬಿದ ಭಾಗವನ್ನಷ್ಟೇ ಕೈಯಲ್ಲಿ ಉಜ್ಜಿ. ನಾಲ್ಕೈದು ಸಲ ಉಜ್ಜಿದ ಮೇಲೆ ಒರೆಸಿ ನೋಡಿ, ಮತ್ತೆ ಉಜ್ಜಿ.

ಪ್ರಶ್ನೆ: ಆ್ಯಂಗಲ್ ಗ್ರೈಂಡರಿಗೆ ಪಾಲಿಶ್ ಪ್ಯಾಡ್ ಸಿಗುತ್ತದಲ್ಲ?

ಉತ್ತರ: ಸಿಗುತ್ತದೆ. ಆದರೆ ವೇಗ ಇಳಿಸಲಾಗದ ಸಾಮಾನ್ಯ ಗ್ರೈಂಡರ್ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗುತ್ತದೆ. ಅದುರದೆ ಒಂದೇ ಕಡೆ ತಿರುಗುವ ರೋಟರಿ ಪಾಲಿಶರ್‌ಗೆ 600ರಿಂದ 3000 ಸಾಕು. ಕಾರಿನ ಹತ್ತಿರ ಅದನ್ನು ತರಲೇಬೇಡಿ.