ಸ್ಯಾಲಿಸಿಲೇಟ್ ಆಗದವರು ಅರಿಶಿನ, ಜೀರಿಗೆ, ಚಹಾ ಎಲ್ಲ ಬಿಡಬೇಕೇ?

ಮೈಕೈ ನೋವಿಗೆ ಗುಳಿಗೆ ನುಂಗಿ ಉಬ್ಬಸ ಬಂತು, ಹುಡುಕಿದಾಗ ಕಾರಣ ಸ್ಯಾಲಿಸಿಲೇಟ್ (ಆಸ್ಪಿರಿನ್ ಜಾತಿಯ, ಗಿಡಮರಗಳಲ್ಲೂ ಇರುವ ವಸ್ತು) ಎಂದು ಗೊತ್ತಾಯಿತು, ಅರಿಶಿನ, ಜೀರಿಗೆ, ಚಹಾ, ಒಣದ್ರಾಕ್ಷಿ ಬಿಟ್ಟಿದ್ದೇನೆ, ಮೂರು ವರ್ಷದ ಮಗನಿಗೂ ಇದೇ ಪಥ್ಯ ಮಾಡಿಸಲೇ ಎಂದು ಕೇಳಿದ್ದೀರಿ. ಮಾಡಿಸಬೇಡಿ. ಮಗನ ಬಟ್ಟಲಿನಿಂದ ಏನನ್ನೂ ತೆಗೆಯಬೇಡಿ. ನಿಮ್ಮ ಪ್ರಶ್ನೆ ಓದಿ ನನ್ನ ಕೈಕಾಲು ತಣ್ಣಗಾಯಿತು. ಹದಿನಾಲ್ಕು ತಿಂಗಳು ನಾನೂ ಇದೇ ಲೆಕ್ಕದಲ್ಲಿ ಬದುಕಿ, ಕೊನೆಗೆ ಮಂಗಳೂರಿನ ಆಸ್ಪತ್ರೆಯಲ್ಲಿ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿಸಿಕೊಂಡು ಮಲಗಿದವಳು.

ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟದ ಮನೆ. 2016ರ ಆಟಿ ತಿಂಗಳು, ಬಿಡದ ಮಳೆ, ತಲೆ ಸಿಡಿಯುವ ನೋವು. ನೀರಿಗೆ ಹಾಕಿದರೆ ಕರಗುವ ಆಸ್ಪಿರಿನ್ ಗುಳಿಗೆ ಮನೆಯಲ್ಲಿತ್ತು, ಕುಡಿದೆ. ಮುಕ್ಕಾಲು ಗಂಟೆಯೊಳಗೆ ಮೂಗು ನೀರಿನಂತೆ ಸೋರಿತು, ಕಣ್ಣು ಕೆಂಪಾಯಿತು, ಮುಖ ಬಿಸಿಯೇರಿ ಎದೆ ಬಿಗಿಯಿತು. ಊರಿನ ಡಾಕ್ಟ್ರು ನೆಬ್ಯುಲೈಸರ್ ಇಟ್ಟು ಸುಧಾರಿಸಿದರು, "ಇನ್ನು ಆಸ್ಪಿರಿನ್ ಮುಟ್ಟಬೇಡಿ" ಎಂದರು. ಅಷ್ಟು ಹೇಳಿದ್ದು ಸಾಕಾಗಲಿಲ್ಲ ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಮನೆಗೆ ಬಂದು ಮೊಬೈಲ್ ಹಿಡಿದು ಕೂತೆ. ಆಸ್ಪಿರಿನ್ ಅಂದರೆ ಸ್ಯಾಲಿಸಿಲೇಟ್, ಸ್ಯಾಲಿಸಿಲೇಟ್ ಗಿಡಮರಗಳಲ್ಲೆಲ್ಲ ಇದೆ, ಇಗೋ ಪಟ್ಟಿ. ಅದರ ಮೂಲ 1985ರಲ್ಲಿ ಆಸ್ಟ್ರೇಲಿಯಾದವರು 333 ಆಹಾರ ಪದಾರ್ಥಗಳನ್ನು ಅಳೆದು ಪ್ರಕಟಿಸಿದ ಲೆಕ್ಕ. ಮೇಲಿನ ಸಾಲಿನಲ್ಲೇ ನಮ್ಮ ಸಾಂಬಾರ ಡಬ್ಬಿ ಇಡೀ ಇತ್ತು. ಒಂದೊಂದಾಗಿ ಬಿಟ್ಟೆ. ಕೊದಿಲು (ನಮ್ಮ ಕಡೆಯ ಸಾಂಬಾರು) ಇಲ್ಲ, ಸಾರು ಇಲ್ಲ, ಜೀರಿಗೆ ಕಷಾಯ ಇಲ್ಲ, ಉಪ್ಪಿನಕಾಯಿ ಇಲ್ಲ. ಮನೆಯವರಿಗೆ ಒಂದು ಅಡುಗೆ, ನನಗೆ ಗಂಜಿ, ಮಜ್ಜಿಗೆ, ಬೇಯಿಸಿದ ಬಾಳೆಕಾಯಿ. "ಇಷ್ಟು ವರ್ಷ ತಿಂದದ್ದಲ್ವಾ, ಈಗ ಮಾತ್ರ ಹೇಗೆ ವಿಷ ಆಯ್ತು?" ಎಂದು ಅತ್ತೆ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಅವರು ಕೇಳಿದ್ದೇ ಸರಿಯಾದ ಪ್ರಶ್ನೆ. 58 ಕಿಲೋ ಇದ್ದವಳು 49ಕ್ಕೆ ಇಳಿದೆ. ಮೂಗು ಕಟ್ಟುವುದು ನಿಲ್ಲಲಿಲ್ಲ. ಕಟ್ಟಿದಾಗಲೆಲ್ಲ, ಇವತ್ತು ಯಾವುದರಲ್ಲೋ ಜೀರಿಗೆ ಸೇರಿರಬೇಕು ಎಂದು ಹುಡುಕುತ್ತಿದ್ದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನೀವು ಅದೇ ದಾರಿಯಲ್ಲಿದ್ದೀರಿ.

2017ರ ಮಳೆಗಾಲ ಮುಗಿಯುವ ಹೊತ್ತಿಗೆ ದವಡೆಯ ಕೊನೆಯ ಹಲ್ಲು ಕೀಳಿಸಬೇಕಾಯಿತು. ಹಲ್ಲಿನ ಡಾಕ್ಟ್ರು "ಅಲರ್ಜಿ ಏನಾದರೂ ಉಂಟಾ?" ಎಂದು ಕೇಳಿದರು. ಕೇಳಲಿಲ್ಲ ಎಂದು ಅವರನ್ನು ದೂರುವ ಹಾಗಿಲ್ಲ. ನಾನು ಏನು ಹೇಳಿದೆ? "ಸ್ಯಾಲಿಸಿಲೇಟ್ ಇರುವ ಆಹಾರ ಆಗುವುದಿಲ್ಲ, ಅರಿಶಿನ, ಜೀರಿಗೆ" ಎಂದೆ. ಒಂದು ವರ್ಷದಿಂದ ನನ್ನ ತಲೆಯಲ್ಲಿ ಇದ್ದದ್ದು ಅಡುಗೆಮನೆ ಮಾತ್ರ. ನೋವಿನ ಗುಳಿಗೆ ನುಂಗಿ ನನಗೆ ಉಬ್ಬಸ ಬಂದಿತ್ತು ಎಂಬ ಒಂದು ವಾಕ್ಯ ನನ್ನ ಬಾಯಿಂದ ಬರಲಿಲ್ಲ. ಆ ವಾಕ್ಯ ಕೇಳಿದ್ದರೆ ಯಾವ ಡಾಕ್ಟ್ರೂ ಕೈ ತಡೆಯುತ್ತಿದ್ದರು. ಅರಿಶಿನ, ಜೀರಿಗೆ ಎಂದರೆ ಯಾರಿಗೆ ಏನು ಹೊಳೆಯುತ್ತದೆ? ಅವರು ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಗುಳಿಗೆ ಬರೆದರು. ಮನೆಯಲ್ಲಿ ಗುಳಿಗೆಯ ಹಾಳೆ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಆಸ್ಪಿರಿನ್ ಎಂಬ ಹೆಸರಿಲ್ಲ, ಸ್ಯಾಲಿಸಿಲೇಟ್ ಎಂಬ ಹೆಸರಿಲ್ಲ. ಧೈರ್ಯವಾಗಿ ನುಂಗಿದೆ.

ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಕುಂಬಳೆ ದಾಟುವಾಗ ನನಗೆ ಮಾತಾಡಲು ಆಗುತ್ತಿರಲಿಲ್ಲ. ತಲಪಾಡಿ ದಾಟಿದ್ದು ನೆನಪಿಲ್ಲ.

ಮೂರನೆಯ ದಿನ ಎದೆರೋಗದ ಡಾಕ್ಟ್ರು ಹಾಸಿಗೆಯ ಪಕ್ಕ ಕೂತು ಕೇಳಿದ ಮೊದಲ ಪ್ರಶ್ನೆ, "ಎಷ್ಟು ವರ್ಷದಿಂದ ನಿಮಗೆ ವಾಸನೆ ಗೊತ್ತಾಗುವುದಿಲ್ಲ?" ನಾನು ಅತ್ತುಬಿಟ್ಟೆ. ಒಗ್ಗರಣೆ ಸೀದರೂ ತಿಳಿಯದೆ ಆರು ವರ್ಷವಾಗಿತ್ತು, ಯಾರಿಗೂ ಹೇಳಿರಲಿಲ್ಲ. ಮೂಗಿನೊಳಗೆ ಕ್ಯಾಮೆರಾ ಹಾಕಿ ನೋಡಿದಾಗ ಎರಡೂ ಕಡೆ ದುರ್ಮಾಂಸ. ನಾನು ಜೀರಿಗೆಯ ಮೇಲೆ ಹೊರಿಸಿದ ಮೂಗುಕಟ್ಟು ಅದು.

ಉಬ್ಬಸ, ಮೂಗಿನ ದುರ್ಮಾಂಸ, ಆಸ್ಪಿರಿನ್ ಆಗದಿರುವುದು, ಈ ಮೂರೂ ಒಟ್ಟಿಗೆ ಬರುವ ಕಾಯಿಲೆಯನ್ನು ಫ್ರಾನ್ಸಿನ ವಿಡಾಲ್ 1922ರಲ್ಲೇ ವಿವರಿಸಿದ್ದರು. 1968ರಲ್ಲಿ ಅಮೆರಿಕದ ಸಾಮ್ಟರ್ ಮತ್ತು ಬಿಯರ್ಸ್ ಮತ್ತೆ ಬರೆದ ಮೇಲೆ ಸಾಮ್ಟರ್ ಹೆಸರೇ ನಿಂತಿತು. ಉಬ್ಬಸ ಇರುವ ದೊಡ್ಡವರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಇದು ಇರುತ್ತದೆ. ಹೆಚ್ಚಾಗಿ ಮೂವತ್ತು, ನಲವತ್ತರ ವಯಸ್ಸಿನಲ್ಲಿ ಶುರುವಾಗುತ್ತದೆ. ಮಾಮೂಲಿ ಅಲರ್ಜಿ ಅಲ್ಲವಾದ್ದರಿಂದ ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ಸಿಗುವುದಿಲ್ಲ. ನಡೆದದ್ದನ್ನು ಕೇಳಿ ತಿಳಿಯಬೇಕು, ಸಂಶಯ ಉಳಿದರೆ ಆಸ್ಪತ್ರೆಯಲ್ಲೇ ಸಣ್ಣ ಪ್ರಮಾಣದಿಂದ ಗುಳಿಗೆ ಕೊಟ್ಟು ನೋಡಬೇಕು.

ಡಾಕ್ಟ್ರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದ್ದು ನನಗೆ ತೋಟದ ಕಣಿಯ (ನೀರು ಹರಿಯುವ ಕಾಲುವೆಯ) ಹಾಗೆ ಕಂಡಿತು. ನಮ್ಮ ದೇಹದಲ್ಲಿ ಕಾಕ್ಸ್-1 ಎಂಬ ಕಿಣ್ವವಿದೆ, ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳು ತಯಾರಾಗುವುದು ಅದರಿಂದ. ಆಸ್ಪಿರಿನ್ ಈ ತಯಾರಿಯನ್ನೇ ತಡೆಯುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದರು, 1982ರಲ್ಲಿ ಅವರಿಗೆ ನೊಬೆಲ್ ಬಂತು. ನನ್ನಂಥವರಲ್ಲಿ ಆ ಕಣಿ ಕಟ್ಟಿದ ಕೂಡಲೇ ಇನ್ನೊಂದು ಕಣಿ ಉಕ್ಕುತ್ತದೆ. ಲ್ಯೂಕೋಟ್ರೈನ್ ಎಂಬ ವಸ್ತು ಹೆಚ್ಚಾಗಿ ಶ್ವಾಸನಾಳ ಬಿಗಿಯುತ್ತದೆ, ಮೂಗು ಸೋರುತ್ತದೆ. ಆ ಮೊದಲ ಕಣಿ ಕಟ್ಟುವ ಗುಳಿಗೆ ಯಾವುದಾದರೂ ಒಂದೇ: ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಕೀಟೊರೊಲಾಕ್, ಮುಟ್ಟಿನ ನೋವಿಗೆ ಕೊಡುವ ಮೆಫೆನಾಮಿಕ್ ಆಸಿಡ್. ಇವುಗಳಲ್ಲಿ ಒಂದರಲ್ಲೂ ಸ್ಯಾಲಿಸಿಲೇಟ್ ಇಲ್ಲ. ನನ್ನನ್ನು ಆಸ್ಪತ್ರೆಗೆ ಹಾಕಿದ ಗುಳಿಗೆಯಲ್ಲಿ ಸ್ಯಾಲಿಸಿಲೇಟ್ ಒಂದು ಕಣವೂ ಇರಲಿಲ್ಲ. ಇತ್ತ ಗಿಡಗಳಲ್ಲಿರುವ ಸ್ಯಾಲಿಸಿಲೇಟಿಗೆ ಆಸ್ಪಿರಿನ್ನಿಗಿರುವ ಅಸಿಟೈಲ್ ಎಂಬ ಭಾಗವಿಲ್ಲ, ಅದು ಆ ಕಿಣ್ವವನ್ನು ಬಹಳ ದುರ್ಬಲವಾಗಿ ಮಾತ್ರ ತಡೆಯುತ್ತದೆ. ಹೆಸರು ಹಿಡಿದು ಹೊರಟವಳು ನಾನು, ಹೆಸರೇ ನನಗೆ ಮೋಸ ಮಾಡಿತು.

ಪಟ್ಟಿಯ ಬಗ್ಗೆಯೂ ಹೇಳುತ್ತೇನೆ. ಅದರಲ್ಲಿರುವುದು 100 ಗ್ರಾಂ ಪದಾರ್ಥದ ಲೆಕ್ಕ. 100 ಗ್ರಾಂ ಜೀರಿಗೆಯನ್ನು ದಿನಕ್ಕೆ ಯಾರು ತಿನ್ನುತ್ತಾರೆ? ನಮ್ಮ ಕೊದಿಲಿಗೆ ಬೀಳುವುದು ಚಿಟಿಕೆ. ಅದೇ ಪದಾರ್ಥವನ್ನು ಬೇರೆ ಪ್ರಯೋಗಾಲಯಗಳು ಅಳೆದಾಗ ಬೇರೆಯೇ ಅಂಕಿ ಬಂದಿದೆ. ಮಕ್ಕಳಿಗೆ ಈ ಪಥ್ಯ ಮಾಡಿಸುವ ಪರಿಪಾಠ ಹಬ್ಬಿದ್ದು 1970ರ ದಶಕದಲ್ಲಿ ಬೆನ್ ಫೈನ್‌ಗೋಲ್ಡ್ ಎಂಬ ಅಮೆರಿಕದ ಡಾಕ್ಟ್ರಿಂದ. ಮಕ್ಕಳ ಚಂಚಲತೆಗೆ ಬಣ್ಣ, ಸ್ಯಾಲಿಸಿಲೇಟ್ ಕಾರಣ ಎಂದು ಅವರು ಹೇಳಿದ್ದರು. ಸ್ಯಾಲಿಸಿಲೇಟಿನ ಭಾಗಕ್ಕೆ ಆಮೇಲಿನ ಪರೀಕ್ಷೆಗಳಲ್ಲಿ ಆಧಾರ ಸಿಗಲಿಲ್ಲ. ಬೆಳೆಯುವ ಮಗುವಿಗೆ ಹಣ್ಣು ತರಕಾರಿ ತಪ್ಪಿಸುವುದು ನನ್ನ ಮಟ್ಟಿಗೆ ಅನ್ಯಾಯ.

ಆಹಾರದಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಮೈಯೆಲ್ಲ ದದ್ದು ಏಳುತ್ತದೆ, ಹೊಟ್ಟೆ ಕೆಡುತ್ತದೆ. ನಿಮಗೆ ಹಾಗೆ ಸಂಶಯವಿದ್ದರೆ ಪಥ್ಯ ಗೊತ್ತಿರುವ ಡಯಟಿಷಿಯನ್ ಕಣ್ಣೆದುರು ಎರಡರಿಂದ ನಾಲ್ಕು ವಾರ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡಿ. ತಿರುಗಿ ತಿನ್ನುವ ಆ ಭಾಗವೇ ಮುಖ್ಯ, ನಾನು ಅದನ್ನು ಮಾಡಲೇ ಇಲ್ಲ. ಆಸ್ಪತ್ರೆಯಿಂದ ಬಂದ ವಾರ ಅತ್ತೆ ಜೀರಿಗೆ ಹಾಕಿ ಸಾರು ಮಾಡಿದರು, ನಾನು ಇನ್ಹೇಲರ್ ಮಡಿಲಲ್ಲಿಟ್ಟುಕೊಂಡು ಉಂಡೆ. ಏನೂ ಆಗಲಿಲ್ಲ. ಮೂಗಿನ ಆಪರೇಷನ್ ಆಗಿ ಎರಡು ತಿಂಗಳಿಗೆ ಒಂದು ಬೆಳಿಗ್ಗೆ ಕರಿಬೇವಿನಸೊಪ್ಪಿನ ಒಗ್ಗರಣೆಯ ಪರಿಮಳ ಬಂತು. ಒಲೆಯ ಮುಂದೆ ಹಾಗೇ ನಿಂತೆ. ದುರ್ಮಾಂಸ ಮತ್ತೆ ಬೆಳೆಯುವ ಜಾತಿಯದ್ದು, ಹಾಗಾಗಿ ಮೂಗಿಗೆ ಸ್ಟಿರಾಯ್ಡ್ ಸ್ಪ್ರೇ ದಿನಾ ಇದೆ, ಲ್ಯೂಕೋಟ್ರೈನನ್ನು ತಡೆಯುವ ಮಾಂಟೆಲುಕಾಸ್ಟ್ ಗುಳಿಗೆ ಇದೆ.

ಎಚ್ಚರ ಬೇಕಾದದ್ದು ಮದ್ದಿನ ಅಂಗಡಿಯಲ್ಲಿ. ಸೊಂಟನೋವಿಗೆ ಕೊಡುವ ಇಂಜೆಕ್ಷನ್ನಿನಲ್ಲಿ ಹೆಚ್ಚಾಗಿ ಡೈಕ್ಲೊಫೆನಾಕ್ ಇರುತ್ತದೆ. ಕಣ್ಣಿನ ಪೊರೆ ತೆಗೆದ ಮೇಲೆ ಹಾಕುವ ಹನಿಯಲ್ಲಿ ಕೀಟೊರೊಲಾಕ್ ಇರಬಹುದು, ಹನಿಯಿಂದಲೂ ಉಬ್ಬಸ ಬಂದದ್ದುಂಟು. ನೋವಿನ ಮುಲಾಮುಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್, ಎಣ್ಣೆಗಳಲ್ಲಿ ಗಂಧಪುರ ಎಂದು ಬರೆದಿರುವುದೂ ಅದೇ. ಇದು ಚರ್ಮದ ಮೂಲಕ ಒಳಗೆ ಹೋಗುತ್ತದೆ, ನಾನು ಹಚ್ಚುವುದಿಲ್ಲ. ಮಗನ ಕೈಗೆ ಅಂಥ ಬಾಟಲಿ ಸಿಗದ ಹಾಗೆ ನೋಡಿಕೊಳ್ಳಿ, ಬರೀ ಗಂಧಪುರ ಎಣ್ಣೆ ಒಂದು ಚಮಚ ಹೊಟ್ಟೆಗೆ ಹೋದರೆ ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮ. ಜ್ವರ ಬಂದರೂ ಮಗುವಿಗೆ ಆಸ್ಪಿರಿನ್ ಕೊಡಬಾರದು, ಅದು ರೇ ಸಿಂಡ್ರೋಮ್ (ಮಿದುಳು, ಯಕೃತ್ತಿಗೆ ಪೆಟ್ಟು ಕೊಡುವ ಕಾಯಿಲೆ) ಎಂಬ ಬೇರೆಯೇ ಅಪಾಯದ ಕಾರಣಕ್ಕೆ. ನನಗೆ ಜ್ವರಕ್ಕೆ ಪ್ಯಾರಾಸಿಟಮಾಲ್ 500 ಆಗುತ್ತದೆ, ಒಮ್ಮೆಗೆ 1000 ಮಿಲಿಗ್ರಾಂ ಆದರೆ ನಮ್ಮಂಥ ಕೆಲವರಿಗೆ ತೊಂದರೆ ಕೊಡಬಹುದು. ಜೋರು ನೋವಿಗೆಂದು, ಕಾಕ್ಸ್-1 ಅನ್ನು ಅಷ್ಟಾಗಿ ತಡೆಯದ ಸೆಲೆಕಾಕ್ಸಿಬ್ ಎಂಬ ಗುಳಿಗೆಯನ್ನು ಆಸ್ಪತ್ರೆಯಲ್ಲೇ ಕೂರಿಸಿ ಕೊಟ್ಟು ನೋಡಿದರು, ನೀವಾಗಿ ಪ್ರಯೋಗ ಮಾಡಬೇಡಿ. ಹೃದಯಕ್ಕೆಂದು ಯಾರಿಗಾದರೂ ಆಸ್ಪಿರಿನ್ ಬೇಕೇಬೇಕಾದರೆ, ಅದನ್ನು ದೇಹಕ್ಕೆ ಮೆಲ್ಲನೆ ಒಗ್ಗಿಸುವ ಚಿಕಿತ್ಸೆಯೂ ಇದೆ.

ನನ್ನ ಪರ್ಸಿನಲ್ಲಿ ಈಗ ಒಂದು ಚೀಟಿ ಇದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಬರೆಸಿದ್ದೇನೆ: "ನನಗೆ ಉಬ್ಬಸ ಇದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಆ ಗುಂಪಿನ ಯಾವ ನೋವಿನ ಮದ್ದನ್ನೂ ಕೊಡಬೇಡಿ." ಮಾತು ನಿಂತಾಗಲೂ ಅದು ಮಾತಾಡುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಅರಿಶಿನದಿಂದ ಒಣದ್ರಾಕ್ಷಿಯವರೆಗೆ ಎಲ್ಲದರ ಹೆಸರಿದೆ, ನುಂಗಿದ ಗುಳಿಗೆಯ ಹೆಸರು ಮಾತ್ರ ಇಲ್ಲ. ಗುಳಿಗೆಯ ಹಾಳೆ ಬಿಸಾಡಿರದಿದ್ದರೆ ಇವತ್ತೇ ತೆಗೆದಿಡಿ. ಅದನ್ನು ಹಿಡಿದುಕೊಂಡು ಎದೆರೋಗದ ಡಾಕ್ಟ್ರ ಹತ್ತಿರ ಹೋಗಿ. ಮೂಗು ಕಟ್ಟುವುದುಂಟೋ, ವಾಸನೆ ಗೊತ್ತಾಗುವುದೋ, ಅದನ್ನೂ ಅವರು ಕೇಳುವ ಮೊದಲೇ ಹೇಳಿ.